ಉಪವಾಸದ ಉಳಿಕೆ ಯಾರ ತಟ್ಟೆಗೆ?

ಇವತ್ತು ಶ್ರಮಕಾಲದ ಹದಿನೇಳನೇ ದಿನ. ಕ್ಯಾಲೆಂಡರ್ ನೋಡಿ ಹೇಳ್ತಿಲ್ಲ, ವಾಟ್ಸಾಪ್ ಸ್ಟೇಟಸ್ ನೋಡಿ ಹೇಳ್ತಿದ್ದೀನಿ. ನಮ್ಮ ಸಭೆಯ ಯುವಕರ ಗುಂಪಿನಲ್ಲಿ ಒಬ್ಬ 'ಡೇ 17, ನೋ ಶುಗರ್' ಅಂತ ಹಾಕಿದ್ದಾನೆ. ಇನ್ನೊಬ್ಬಳು ಬೆಳಗ್ಗೆ ಐದಕ್ಕೇ ಎದ್ದು ಬೈಬಲ್, ನೋಟ್‌ಬುಕ್, ಫಿಲ್ಟರ್ ಕಾಫಿ ಮೂರನ್ನೂ ಕಿಟಕಿ ಬಿಸಿಲಿಗೆ ಜೋಡಿಸಿ ಫೋಟೊ ಹಾಕಿದ್ದಾಳೆ. ಐದು ಗಂಟೆಗೆ ಅಷ್ಟು ಬಿಸಿಲು ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಮೂರನೆಯವನು ಡಯಟ್ ಆ್ಯಪಿನ ಸ್ಕ್ರೀನ್‌ಶಾಟ್ ಹಾಕಿ ಕೆಳಗೊಂದು ಶಿಲುಬೆ ಅಂಟಿಸಿದ್ದಾನೆ. ಹದಿನಾರು ಗಂಟೆ ಹೊಟ್ಟೆ ಖಾಲಿ. ಆತ್ಮಕ್ಕೂ ಆಯ್ತು, ಸೊಂಟಕ್ಕೂ ಆಯ್ತು.

ಕ್ರೈಸ್ತರಲ್ಲದ ಓದುಗರಿಗೆ ಒಂದು ಮಾತು. ಈಸ್ಟರ್‌ಗೆ ಮುಂಚಿನ ನಲವತ್ತು ದಿನ, ನಡುವಿನ ಭಾನುವಾರ ಬಿಟ್ಟು ಎಣಿಸಿದರೆ, ನಮಗೆ ಉಪವಾಸ, ಪ್ರಾರ್ಥನೆ, ದಾನದ ಕಾಲ. ಕ್ಯಾಥೊಲಿಕರು ತಪಸ್ಸುಕಾಲ ಅನ್ನುತ್ತಾರೆ, ನಮ್ಮ ಸಿ.ಎಸ್.ಐ. ಕಡೆ ಶ್ರಮಕಾಲ. ಇಬ್ಬರ ಮಕ್ಕಳೂ ಬೆಂಗಳೂರಿಗೆ ಬಂದ ಮೇಲೆ ಲೆಂಟ್ ಅನ್ನುತ್ತಾರೆ. ಕ್ಯಾಥೊಲಿಕ್ ಗೆಳೆಯರಿಗೆ ಇದು ಬೂದಿ ಬುಧವಾರದಿಂದ ಶುರು. ಅವತ್ತು ಪೂಜೆಯಲ್ಲಿ ಓದುವ ಶುಭಸಂದೇಶ ಯಾವುದು ಗೊತ್ತಾ? ಮತ್ತಾಯನ ಆರನೇ ಅಧ್ಯಾಯ. ಉಪವಾಸ ಮಾಡುವಾಗ ಮುಖ ತೊಳ್ಕೊಂಡು, ತಲೆಗೆ ಎಣ್ಣೆ ಹಚ್ಕೊಂಡು, ಯಾರಿಗೂ ಗೊತ್ತಾಗದ ಹಾಗೆ ಮಾಡಿ ಅಂತ ಯೇಸು ಹೇಳೋ ಭಾಗ. ಅದನ್ನು ಕೇಳಿಸಿಕೊಂಡು, ಹಣೆಗೆ ಬೂದಿ ಹಚ್ಚಿಸಿಕೊಂಡು, ಪಾರ್ಕಿಂಗ್‌ಗೆ ಬರುವಷ್ಟರಲ್ಲಿ ಸೆಲ್ಫಿ ಅಪ್‌ಲೋಡ್ ಆಗಿರುತ್ತೆ.

ಆದರೆ ಸೆಲ್ಫಿ ಬಗ್ಗೆ ಬರೆಯೋಕೆ ನಾನು ಕೂತಿಲ್ಲ. ತೋರಿಕೆ ಹಳೇ ರೋಗ, ಅದಕ್ಕೆ ಬೈಯೋರು ಬೇಕಾದಷ್ಟು ಜನ ಇದ್ದಾರೆ. ನನ್ನ ಜಗಳ ಇರೋದು ಫೋಟೊ ಹಾಕದೆ, ಪ್ರಾಮಾಣಿಕವಾಗಿ, ಬಾಗಿಲು ಹಾಕ್ಕೊಂಡು ಮಾಡೋರ ಜೊತೆ. ಅಂದ್ರೆ ನನ್ನಂಥವರ ಜೊತೆ.

ಹೋದ ವರ್ಷದ ಕಥೆ ಹೇಳ್ತೀನಿ. ನನ್ನ ಬೈಬಲ್ ಆ್ಯಪಿನ ಸ್ಟ್ರೀಕ್ ಆಗ 212 ದಿನಕ್ಕೆ ಮುಟ್ಟಿತ್ತು. ರಾತ್ರಿ ಹನ್ನೊಂದೂವರೆಗೆ ಕ್ಯಾಬಿನಲ್ಲಿ ಕೂತು, ಅರಣ್ಯಕಾಂಡದ ಜನಗಣತಿಯನ್ನು ಹೆಬ್ಬೆರಳಿನಲ್ಲಿ ಸರ್ರನೆ ಕೆಳಗೆ ತಳ್ಳಿ, 'ಓದಿದೆ' ಅಂತ ಒತ್ತಿ, ಪರದೆ ಮೇಲೆ ಪಟಾಕಿ ಹಾರಿದ ಮೇಲೆ ಕಣ್ಣು ಮುಚ್ಚುತ್ತಿದ್ದೆ. ಬುಧವಾರ, ಶುಕ್ರವಾರ ಮಧ್ಯಾಹ್ನ ಊಟ ಬಿಡುತ್ತಿದ್ದೆ. ಬುಧವಾರ ಶುಕ್ರವಾರವೇ ಯಾಕೆ ಅಂದ್ರೆ ಅದು ಬಹಳ ಹಳೇ ಕ್ರಮ. 'ದಿದಾಖೆ' ಅನ್ನೋ ಮೊದಮೊದಲ ಕ್ರೈಸ್ತರ ಕೈಪಿಡಿಯಲ್ಲೇ ಇದೆ, ಆಕ್ಸ್‌ಫರ್ಡಿನಲ್ಲಿ ಜಾನ್ ವೆಸ್ಲಿ ಮತ್ತು ಗೆಳೆಯರು ಹಿಡಿದದ್ದೂ ಅದನ್ನೇ. ಇಷ್ಟೆಲ್ಲ ಓದಿಕೊಂಡಿದ್ದೆ ನಾನು! ಇದು ಸಾಲದು ಅಂತ, ಮೈಸೂರು ರಸ್ತೆಯಲ್ಲಿ ಕುಂಬಳಗೋಡಿನ ಹತ್ತಿರ ಇರುವ ಆಶೀರ್ವನಂ ಮಠಕ್ಕೆ ಒಂದು ಸಲ ಹೋಗಿ, ಅಲ್ಲಿಯ ಬೆನೆಡಿಕ್ಟೈನ್ ಸನ್ಯಾಸಿಗಳ ಮೌನ ನೋಡಿ ಬಂದೆ. ಬಂದವನೇ ಭಾನುವಾರ ಮೌನ ಅಂತ ತೀರ್ಮಾನ ಮಾಡಿದೆ. ಏಳೂವರೆಯ ಆರಾಧನೆ ಮುಗಿಸಿ ಮನೆಗೆ ಬಂದರೆ ಫೋನ್ ಆಫ್, ಬಾಯಿ ಬಂದ್, ಸಂಜೆ ಆರರವರೆಗೆ.

ಮೂರನೇ ಭಾನುವಾರ. ಹೆಂಡತಿ ಹುಬ್ಬಳ್ಳಿಗೆ ತವರಿಗೆ ಹೋಗಿದ್ದಳು. ಹತ್ತು ಗಂಟೆಗೆ ಮನೆಗೆಲಸದ ಅಕ್ಕ ಬಂದರು. ಯಾದಗಿರಿ ಕಡೆಯವರು. ಅವತ್ತು ಜೊತೆಗೆ ಮಗನನ್ನೂ ಕರ್ಕೊಂಡು ಬಂದಿದ್ದರು, ಐದು ವರ್ಷದವನು. ಹುಡುಗ ಬಾಗಿಲ ಹತ್ತಿರವೇ ಗೋಡೆಗೆ ಒರಗಿ ಕೂತ. ಅಕ್ಕ ನನ್ನ ಕಡೆ ನೋಡಿ "ಅಣ್ಣಾರ, ಇವತ್ತ…" ಅಂತ ಏನೋ ಶುರು ಮಾಡಿದರು. ನಾನು ತುಟಿ ಮೇಲೆ ಬೆರಳಿಟ್ಟೆ. ಆಮೇಲೆ ಅದೇ ಬೆರಳಿನಲ್ಲಿ ಸಿಂಕ್ ತೋರಿಸಿದೆ. ಶನಿವಾರ ರಾತ್ರಿ ಗೆಳೆಯರು ಊಟಕ್ಕೆ ಬಂದಿದ್ದರು, ಪಾತ್ರೆ ರಾಶಿ ಬಿದ್ದಿತ್ತು. ಅವರು ಒಂದು ಕ್ಷಣ ನಿಂತರು, ಒಳಗೆ ಹೋಗಿ ಪಾತ್ರೆ ತೊಳೆದರು, ನೆಲ ಒರೆಸಿದರು, ಹುಡುಗನನ್ನು ಎಬ್ಬಿಸಿಕೊಂಡು ಹೋದರು. ಆ ಒಂದೂವರೆ ಗಂಟೆ ನಾನು ಬಾಲ್ಕನಿಯಲ್ಲಿ ಕೂತು ದೇವರ ಸಾನ್ನಿಧ್ಯದಲ್ಲಿದ್ದೆ.

ಸೋಮವಾರ ಬೆಳಗ್ಗೆ ಅಕ್ಕ ಬಾಗಿಲಲ್ಲೇ ನಿಂತು ಕೇಳಿದರು: "ನನ್ನಿಂದ ಏನರೆ ತಪ್ಪಾಗೇತೇನ್ರಿ ಅಣ್ಣಾರ?" ಇಲ್ಲವಲ್ಲ, ಯಾಕೆ ಅಂದೆ. "ನಿನ್ನೆ ಹುಡುಗಗ ಜ್ವರ ಇತ್ರಿ. ದವಾಖಾನಿಗಿ ಹೋಗೂದಿತ್ತು, ಸ್ವಲ್ಪ ರೊಕ್ಕ ಕೇಳಬೇಕಂತ ಬಂದಿದ್ದೆ. ನೀವು ಸಿಟ್ಟಾಗಿದ್ರಿ, ಅದಕ್ಕ ಕೇಳಲಿಲ್ಲ."

ಹುಡುಗನಿಗೆ ಏನೂ ಆಗಲಿಲ್ಲ, ಜ್ವರ ಎರಡು ದಿನಕ್ಕೆ ಇಳೀತು. ಆಗಿದ್ದಿದ್ದರೆ ಈ ಅಂಕಣ ಬರೆಯೋ ಧೈರ್ಯ ನನಗೆ ಬರ್ತಿರಲಿಲ್ಲ.

ಅವತ್ತಿನಿಂದ ಒಂದು ಪ್ರಶ್ನೆ ಕೈಬಿಟ್ಟಿಲ್ಲ. ನನ್ನ ಎಲ್ಲ ಸಾಧನೆಗಳಲ್ಲಿ — ಓದು, ಉಪವಾಸ, ಮೌನ — ಎರಡನೇ ಮನುಷ್ಯ ಎಲ್ಲಿದ್ದ? ಎಲ್ಲೂ ಇರಲಿಲ್ಲ. ನಾನಿದ್ದೆ, ನನ್ನ ಶಾಂತಿ ಇತ್ತು, ನನ್ನ ಫೋಕಸ್ ಇತ್ತು, ದೇವರು ಒಂಥರಾ ನನ್ನ ಪರ್ಸನಲ್ ಟ್ರೇನರ್ ಆಗಿದ್ದ. ಇದನ್ನ ಜಿಮ್ ಅಂತ ಕರೆಯಿರಿ, ನನ್ನ ಅಭ್ಯಂತರ ಇಲ್ಲ. ಜಿಮ್ ಒಳ್ಳೇದೇ. ಕ್ರೈಸ್ತ ಸಾಧನೆ ಅಂತ ಮಾತ್ರ ಕರೀಬೇಡಿ. ನಾನು ಬಿಟ್ಟದ್ದು ಇನ್ನೊಬ್ಬರ ಕೈಗೆ ಹೋಗಿ ಸೇರದಿದ್ದರೆ ಅದು ಅರ್ಧ ಮಾಡಿದ ಕೆಲಸ. ಕೆಲವು ಸಲ ಅರ್ಧಕ್ಕಿಂತ ಕೆಟ್ಟದ್ದು, ಯಾಕಂದ್ರೆ ಮಾಡಿದೆ ಅನ್ನೋ ಸಮಾಧಾನ ಪೂರ್ತಿ ಸಿಕ್ಕಿಬಿಟ್ಟಿರುತ್ತೆ.

ಇದು ನನ್ನ ಹೊಸ ಥಿಯರಿ ಏನಲ್ಲ. ಮತ್ತಾಯನ ಅದೇ ಆರನೇ ಅಧ್ಯಾಯ ತೆಗೀರಿ. ಯೇಸು ಮೂರು ವಿಷಯ ಹೇಳ್ತಾರೆ: ದಾನ, ಪ್ರಾರ್ಥನೆ, ಉಪವಾಸ. ಕ್ರಮ ಗಮನಿಸಿ. ದಾನ ಮೊದಲು. ನಮ್ಮ ರಿಟ್ರೀಟ್‌ಗಳಲ್ಲಿ ಮೊದಲನೆಯದು ಮೂರನೆಯದಾಗುತ್ತೆ, ಆಮೇಲೆ ಟೈಮ್ ಸಾಲದೆ ಬಿಟ್ಟೇಹೋಗುತ್ತೆ. ಯೆಶಾಯನ 58ನೇ ಅಧ್ಯಾಯದಲ್ಲಂತೂ ಪ್ರವಾದಿ ಉಪವಾಸ ಮಾಡೋರ ಮೇಲೇ ಹರಿಹಾಯುತ್ತಾನೆ. ಉಪವಾಸದ ದಿನವೇ ಕೂಲಿಯವರನ್ನು ದುಡಿಸಿಕೊಳ್ಳೋ ನಿಮ್ಮ ಉಪವಾಸ ಯಾರಿಗೆ ಬೇಕು ಅನ್ನೋದು ಅವನ ಮಾತಿನ ಸಾರ. ಓದಿದಾಗ ನನಗೆ ಸಿಂಕ್ ಕಣ್ಣ ಮುಂದೆ ಬಂತು.

ಎರಡನೇ ಶತಮಾನದ 'ಹರ್ಮಾಸನ ಕುರುಬ' ಅಂತ ಒಂದು ಪುಸ್ತಕ ಇದೆ. ಬೈಬಲಿಗೆ ಸೇರಿಲ್ಲ, ಆದರೆ ಆ ಕಾಲದ ಸಭೆಗಳಲ್ಲಿ ಬಹಳ ಜನ ಓದುತ್ತಿದ್ದರು. ಅದರಲ್ಲಿ ಉಪವಾಸಕ್ಕೆ ಕೊಟ್ಟಿರೋ ವಿಧಾನ ಅಕೌಂಟೆಂಟ್ ಬರೆದ ಹಾಗಿದೆ. ಅವತ್ತು ರೊಟ್ಟಿ, ನೀರು ಮಾತ್ರ ತಗೋ. ಉಳಿದದ್ದನ್ನ ತಿಂದಿದ್ದರೆ ಎಷ್ಟು ಖರ್ಚಾಗ್ತಿತ್ತು ಅಂತ ಲೆಕ್ಕ ಹಾಕು. ಆ ದುಡ್ಡನ್ನ ವಿಧವೆಗೋ ಅನಾಥನಿಗೋ ಇಲ್ಲದವನಿಗೋ ಕೊಡು. ಅದೇ ಶತಮಾನದಲ್ಲಿ ಅರಿಸ್ಟೈಡಿಸ್ ಅನ್ನೋ ಅಥೆನ್ಸಿನ ತತ್ವಜ್ಞಾನಿ ರೋಮ್ ಚಕ್ರವರ್ತಿಗೆ ಕ್ರೈಸ್ತರ ಪರವಾಗಿ ಒಂದು ಮನವಿ ಬರೆದ. ಅವರಲ್ಲಿ ಒಬ್ಬ ಬಡವ ಇದ್ದು, ಕೊಡೋಕೆ ಇವರ ಹತ್ತಿರವೂ ಹೆಚ್ಚಿಗೆ ಇಲ್ಲದಿದ್ದರೆ ಎರಡು ಮೂರು ದಿನ ತಾವೇ ಉಪವಾಸ ಇದ್ದು ಅವನಿಗೆ ಊಟ ಹೊಂದಿಸುತ್ತಾರೆ ಅಂತ ಅದರಲ್ಲಿ ಹೇಳುತ್ತಾನೆ. ಅಂದ್ರೆ ಅವರಿಗೆ ಉಪವಾಸ ಊಟ ಹಂಚೋ ಒಂದು ದಾರಿ. ಹಸಿವು ಅದರ ಬೆಲೆ.

ಹರ್ಮಾಸನ ಲೆಕ್ಕವನ್ನ ನಾನೂ ಹಾಕಿದೆ. ಆಫೀಸಿನ ಫುಡ್ ಕೋರ್ಟಿನಲ್ಲಿ ಒಂದು ಊಟ 180 ರೂಪಾಯಿ. ಏಳು ಬುಧವಾರ, ಏಳು ಶುಕ್ರವಾರ, ಅದರಲ್ಲಿ ಶುಭ ಶುಕ್ರವಾರ ರಜೆ. ಹದಿಮೂರು ಊಟ, 2,340 ರೂಪಾಯಿ. ಈ ದುಡ್ಡು ಎಲ್ಲಿ ಹೋಯ್ತು ಅಂತ ಹುಡುಕಿದರೆ ಸಿಕ್ಕಿದ್ದು ಉಪವಾಸ ಬಿಡೋಕೆ ಸಂಜೆ ಆರ್ಡರ್ ಮಾಡಿದ ಬಟರ್ ಚಿಕನ್ ಬಿಲ್ಲುಗಳು. ಉಳಿತಾಯ ಇರಲಿ, ಲಾಸ್‌ನಲ್ಲಿದ್ದೆ.

ಇದನ್ನೆಲ್ಲ ಯಾವ ಪುಸ್ತಕವನ್ನೂ ಓದದೆ ಮಾಡುತ್ತಿದ್ದ ಒಬ್ಬರು ನಮ್ಮ ಮನೆಯಲ್ಲೇ ಇದ್ದರು. ನಮ್ಮದು ಬೆಟಗೇರಿ, ನೇಕಾರರ ಓಣಿ. ಅಜ್ಜಿ ಗಿರಣಿಗೆ ಜೋಳ ಅಳೆದು ಹಾಕುವಾಗೆಲ್ಲ ಮನೆಯಲ್ಲಿ ಎಷ್ಟು ಮಂದಿಯೋ ಅಷ್ಟು ಹಿಡಿ ಜೋಳ ತೆಗೆದು ಬಾಗಿಲ ಹಿಂದಿನ ಡಬ್ಬಿಗೆ ಹಾಕುತ್ತಿದ್ದಳು. ಬೇಸಿಗೆ ರಜೆಗೆ ನಾವು ಮೊಮ್ಮಕ್ಕಳು ಹೋದರೆ ಹಿಡಿಗಳೂ ಹೆಚ್ಚಾಗುತ್ತಿದ್ದವು. ನನಗೆ ಅದು ಉಲ್ಟಾ ಅನ್ನಿಸುತ್ತಿತ್ತು. ನಾವು ಬಂದಾಗ ಜೋಳ ಜಾಸ್ತಿ ಬೇಕು, ಆಗ ಕಡಿಮೆ ತೆಗೀಬೇಕು ತಾನೇ? ಕೇಳಿದ್ದಕ್ಕೆ "ಬಾಯಿ ಹೆಚ್ಚಾದ್ರ ಹಿಡಿನೂ ಹೆಚ್ಚೋ ತಮ್ಮಾ" ಅಂದಿದ್ದಳು, ಅಷ್ಟೇ. ಶನಿವಾರ ಡಬ್ಬಿಯದು ಚೀಲಕ್ಕೆ. ಭಾನುವಾರ ಚೀಲ ಗುಡಿಗೆ. ಹಾಂ, ಚರ್ಚಿಗೆ ನಮ್ಮಜ್ಜಿ ಗುಡಿ ಅಂತಲೇ ಅನ್ನುತ್ತಿದ್ದಳು. ಕೆಲವು ವಾರ ಚೀಲ ಗುಡಿ ಮುಟ್ಟುತ್ತಲೇ ಇರಲಿಲ್ಲ, ಓಣಿ ಕೊನೆಯ ಒಂದು ಮನೆಯಲ್ಲಿ ಖಾಲಿಯಾಗುತ್ತಿತ್ತು. ಬರ ಬಿದ್ದ ವರ್ಷ ಹಿಡಿ ಸಣ್ಣದಾಯ್ತಂತೆ, ನಿಲ್ಲಲಿಲ್ಲ ಅಂತ ಅವ್ವ ಹೇಳ್ತಾಳೆ.

ಮಿಜೋರಾಮಿನಲ್ಲಿ ಇದೇ ಕ್ರಮ ಇಡೀ ಸಭೆಯದ್ದು. 'ಬುಹ್‌ಫಾಯ್ ಥಾಮ್' ಅಂತಾರೆ, ಹಿಡಿ ಅಕ್ಕಿ. 1910ರಲ್ಲಿ ಶುರುವಾದದ್ದು. ಪ್ರತಿ ಸಲ ಅಡುಗೆಗೆ ಅಕ್ಕಿ ತೆಗೆಯುವಾಗ ಒಂದು ಹಿಡಿ ಪಕ್ಕಕ್ಕೆ, ಅದನ್ನು ಹೆಂಗಸರು ಮನೆಮನೆಯಿಂದ ಕೂಡಿಸಿ ತಂದು ಸಭೆಯ ಕೆಲಸಕ್ಕೆ ಮಾರುತ್ತಾರೆ. ಇವತ್ತು ಅದರ ಮೊತ್ತ ವರ್ಷಕ್ಕೆ ಕೋಟಿಗಳಲ್ಲಿದೆ. ಶ್ರೀಮಂತರಲ್ಲದ ಜನ, ಒಂದು ಹಿಡಿ, ನೂರಕ್ಕೂ ಹೆಚ್ಚು ವರ್ಷ. ಸ್ಟ್ರೀಕ್ ಅಂದ್ರೆ ಅದು ಕಣ್ರೀ.

ಈಗ ಭಾನುವಾರದ ವಿಷಯಕ್ಕೆ ಬರೋಣ, ಯಾಕಂದ್ರೆ ನಾವು ಸಾಫ್ಟ್‌ವೇರ್ ಮಂದಿಗೆ ಇತ್ತೀಚೆಗೆ ಬಹಳ ಇಷ್ಟವಾಗಿರೋ ಸಾಧನೆ ಇದು. ಬರ್ನ್‌ಔಟ್, ಡಿಜಿಟಲ್ ಡಿಟಾಕ್ಸ್, 'ದೇವರೇ ಏಳನೇ ದಿನ ರೆಸ್ಟ್ ತಗೊಂಡ' ಇತ್ಯಾದಿ. (ಸಬ್ಬತ್ ಶನಿವಾರ, ನಾವು ಆಚರಿಸೋದು ಭಾನುವಾರ, ಇವೆರಡೂ ಒಂದೇನಾ ಅನ್ನೋ ಜಗಳ ಬೇರೆ ಇದೆ. ಅದಕ್ಕೆ ಇಲ್ಲಿ ಕೈ ಹಾಕಲ್ಲ.) ದಶಾಜ್ಞೆಯ ಆ ಭಾಗವನ್ನ ಒಂದು ಸಲ ನಿಧಾನವಾಗಿ ಓದಿ. ವಿಮೋಚನಕಾಂಡ 20, ಆಮೇಲೆ ಧರ್ಮೋಪದೇಶಕಾಂಡ 5. ನೀನು ಕೆಲಸ ಮಾಡಬೇಡ ಅಂತ ಹೇಳಿ ಸುಮ್ಮನಾಗಲ್ಲ ಅದು. ಮಗ, ಮಗಳು, ಗಂಡಾಳು, ಹೆಣ್ಣಾಳು, ದನ, ನಿನ್ನ ಊರಲ್ಲಿರೋ ಪರದೇಶಿ ಅಂತ ಒಬ್ಬೊಬ್ಬರನ್ನೇ ಹೆಸರಿಸುತ್ತಾ ಹೋಗುತ್ತೆ. ಧರ್ಮೋಪದೇಶಕಾಂಡದಲ್ಲಿ ಕತ್ತೆಗೂ ರಜೆ ಇದೆ, ಮತ್ತೆ ಕಾರಣವೂ ಬೇರೆ: ನೀನೂ ಐಗುಪ್ತದಲ್ಲಿ ಆಳಾಗಿದ್ದೆ, ನೆನಪಿಟ್ಟುಕೋ. ಅಂದ್ರೆ ಈ ಆಜ್ಞೆ ನೇರವಾಗಿ ಯಜಮಾನನಿಗೆ ಹೇಳಿದ್ದು. ನಿನಗೆ ವಿಶ್ರಾಂತಿ ಸಿಕ್ಕಿತಾ ಅನ್ನೋದು ಒಂದು ಪ್ರಶ್ನೆ. ನಿನ್ನ ಕೈಕೆಳಗಿನವರಿಗೆ ಸಿಕ್ಕಿತಾ ಅನ್ನೋದು ಅದಕ್ಕಿಂತ ಉದ್ದದ ಪ್ರಶ್ನೆ.

ಈಗ ನಮ್ಮ ಸಭೆಗಳ ಭಾನುವಾರ ನೋಡಿ. ಆರಾಧನೆ ಮುಗೀತು, ಸಬ್ಬತ್ ಬಗ್ಗೆ ಪ್ರಸಂಗ ಚೆನ್ನಾಗಿತ್ತು, ಹೊರಗೆ ಬರ್ತಾ ಬಿರಿಯಾನಿ ಆರ್ಡರ್. ತಂದುಕೊಡೋ ಹುಡುಗ ಬಿಸಿಲಲ್ಲಿ ಮೂರನೇ ಕ್ರಾಸ್ ಹುಡುಕ್ತಾ ಇರ್ತಾನೆ. ಮನೆಗೆ ಬಂದರೆ ಕೆಲಸದವರು ಕಾಯ್ತಿರ್ತಾರೆ, ಭಾನುವಾರ ನೆಂಟರು ಬರೋದ್ರಿಂದ ಅವತ್ತು ಪಾತ್ರೆ ಜಾಸ್ತಿ. ಆಫೀಸಿನಲ್ಲೂ ಅಷ್ಟೇ. ನಾನು ಭಾನುವಾರ ಆನ್‌ಕಾಲ್ ತಗೊಳ್ಳಲ್ಲ, ಅದು ನನ್ನ ನಂಬಿಕೆ ಅಂತ ಮ್ಯಾನೇಜರ್‌ಗೆ ಬಹಳ ಗಂಭೀರವಾಗಿ ಹೇಳಿದ್ದೆ. ಪಾಪ, ಒಪ್ಪಿಕೊಂಡರು. ಆ ಭಾನುವಾರಗಳೆಲ್ಲ ಹೊಸದಾಗಿ ಸೇರಿದ ಒಬ್ಬ ಹುಡುಗನ ತಲೆಗೆ ಬಂದವು. ನನ್ನ ಸಬ್ಬತ್ ಅವನ ಲ್ಯಾಪ್‌ಟಾಪಿನ ಮೇಲೆ ನಿಂತಿತ್ತು. ಬದಲಿಗೆ ಅವನ ಶನಿವಾರ, ಅವನ ದೀಪಾವಳಿ ನಾನು ತಗೊಳ್ಳಬಹುದಿತ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇಲ್ಲಿಗೆ ಬಂದ ಕೂಡಲೇ ನಮ್ಮಲ್ಲಿ ಒಂದು ವರ್ಗ ಎದ್ದು ನಿಲ್ಲುತ್ತೆ. 'ಬ್ರದರ್, ಇದೆಲ್ಲ ಕ್ರಿಯೆಗಳಿಂದ ರಕ್ಷಣೆ ಅಂದಹಾಗಾಯ್ತು. ನಾವು ಕೃಪೆಯಿಂದ ಬದುಕೋರು. ಉಪವಾಸ, ಮೌನ, ನಿಯಮ ಎಲ್ಲ ಧರ್ಮಶಾಸ್ತ್ರದ ನೊಗ.' ಇವರಿಗೆ 1522ರ ಜ್ಯೂರಿಕ್ ಬಹಳ ಪ್ರಿಯ. ಕ್ರಿಸ್ಟೋಫ್ ಫ್ರೊಶೌವರ್ ಅನ್ನೋ ಮುದ್ರಕನ ಮನೆಯಲ್ಲಿ ತಪಸ್ಸುಕಾಲದ ಮಧ್ಯೆಯೇ ಒಂದಷ್ಟು ಜನ ಸಾಸೇಜ್ ತಿಂದರು, ಊರೆಲ್ಲ ಗಲಾಟೆ ಆಯ್ತು, ಸ್ವಿಂಗ್ಲಿ ಅವರ ಪರವಾಗಿ ಪ್ರಸಂಗ ಮಾಡಿದ, ಸ್ವಿಸ್ ಸುಧಾರಣೆ ಅಲ್ಲಿಂದ ವೇಗ ಪಡೀತು. ನೋಡಿ, ಉಪವಾಸ ಮುರಿದೇ ನಮ್ಮ ಸ್ವಾತಂತ್ರ್ಯ ಶುರುವಾಗಿದ್ದು ಅಂತಾರೆ. ಸರಿ. ಆದರೆ ಆ ಮುದ್ರಕ ಕೊಟ್ಟ ಸಮಜಾಯಿಷಿ ಏನು ಗೊತ್ತಾ? ಫ್ರಾಂಕ್‌ಫರ್ಟ್ ಮೇಳಕ್ಕೆ ಪುಸ್ತಕ ಮುಗಿಸಬೇಕು, ಕೆಲಸಗಾರರು ಹಗಲು ರಾತ್ರಿ ದುಡೀತಿದ್ದಾರೆ, ಬರೀ ಗಂಜಿಯಲ್ಲಿ ಅವರಿಗೆ ಆಗಲ್ಲ. ದುಡಿಯೋನ ಹೊಟ್ಟೆಯ ಮಾತು ಅದು! ಇನ್ನೂ ಒಂದು: ಸ್ವಿಂಗ್ಲಿ ಅಲ್ಲೇ ಇದ್ದ, ತಾನು ಮಾತ್ರ ತಿನ್ನಲಿಲ್ಲ. ಆ ಸ್ವಾತಂತ್ರ್ಯವನ್ನ ತಂದು ನಮ್ಮ ಬಫೆಗೆ ಜೋಡಿಸೋದು ಯಾವ ನ್ಯಾಯ? ಲೂಥರ್ ಕೂಡ ತನ್ನ ಚಿಕ್ಕ ಪ್ರಶ್ನೋತ್ತರದಲ್ಲಿ ಪ್ರಭುಭೋಜನಕ್ಕೆ ಮುಂಚೆ ಉಪವಾಸ ಒಳ್ಳೆಯ ತಯಾರಿ ಅಂತಲೇ ಬರೆದಿದ್ದಾನೆ. ಕೃಪೆ ನಮ್ಮ ಸೋಮಾರಿತನಕ್ಕೆ ಹೊದಿಕೆ ಅಲ್ಲ.

ಇನ್ನೊಂದು ವರ್ಗ ಇದಕ್ಕೆ ತದ್ವಿರುದ್ಧ. 21 ದಿನ ಉಪವಾಸ ಪ್ರಾರ್ಥನೆ, ವೀಸಾ ಸ್ಟ್ಯಾಂಪಿಂಗ್ ಗ್ಯಾರಂಟಿ. ಇವರ ಬಗ್ಗೆ ಹೆಚ್ಚು ಬರೆಯಲ್ಲ. ದೇವರ ಜೊತೆ ಸಂಬಳದ ಮಾತುಕತೆಗೆ ಕೂತೋರು ಅವರು, ಮಧ್ಯೆ ನಾನ್ಯಾಕೆ.

ನನಗೆ ನಿಜವಾಗಿ ಕಷ್ಟ ಅನ್ನಿಸೋ ಆಕ್ಷೇಪ ಮೂರನೆಯದು, ಇದನ್ನ ಹೇಳೋರು ಸಭ್ಯರು: 'ಇದು ನನ್ನ ಮತ್ತು ದೇವರ ನಡುವಿನ ವಿಷಯ. ಎಡಗೈಗೂ ಗೊತ್ತಾಗಬಾರದು ಅಂತ ಯೇಸುವೇ ಹೇಳಿಲ್ವಾ?' ಹೇಳಿದ್ದಾರೆ. ಆದರೆ ಗುಟ್ಟಾಗಿರೋದು ಬೇರೆ, ಯಾರಿಗೂ ಲೆಕ್ಕ ಕೊಡದೆ ಇರೋದು ಬೇರೆ. ಆರನೇ ಶತಮಾನದಲ್ಲಿ ಇಟಲಿಯ ಬೆನೆಡಿಕ್ಟ್ ತನ್ನ ಮಠಕ್ಕೆ 73 ಅಧ್ಯಾಯದ ನಿಯಮ ಬರೆದ. ಅದರ 49ನೇ ಅಧ್ಯಾಯ ತಪಸ್ಸುಕಾಲದ್ದು. ಪ್ರತಿಯೊಬ್ಬನೂ ತನ್ನಿಷ್ಟದಿಂದ ಊಟ, ನೀರು, ನಿದ್ದೆ, ಮಾತು, ತಮಾಷೆ ಏನಾದರೂ ಕಡಿಮೆ ಮಾಡಲಿ ಅನ್ನುತ್ತಾನೆ. ಆದರೆ ಏನು ಬಿಡ್ತೀನಿ ಅಂತ ಮಠಾಧಿಪತಿಗೆ ಮೊದಲೇ ಹೇಳಿ ಒಪ್ಪಿಗೆ ಪಡೀಬೇಕು. ಒಪ್ಪಿಗೆ ಇಲ್ಲದೆ ಮಾಡಿದ್ದು ಬರೀ ಅಹಂಕಾರದ ಖಾತೆಗೆ. ಮೊದಲು ಓದಿದಾಗ ಇದೆಂಥ ಮೈಕ್ರೋಮ್ಯಾನೇಜ್‌ಮೆಂಟ್ ಅನ್ನಿಸಿತ್ತು. ಈಗ ಅನ್ನಿಸುತ್ತೆ, ನನ್ನ ಮೌನವ್ರತದ ಬಗ್ಗೆ ಯಾರಾದರೂ ಅನುಭವಸ್ಥರಿಗೆ ಮುಂಚೆಯೇ ಹೇಳಿದ್ದರೆ ಅವರು ಕೇಳ್ತಿದ್ದರು: ಭಾನುವಾರ ನಿಮ್ಮ ಮನೆಗೆ ಯಾರ್ಯಾರು ಬರ್ತಾರೆ?

ವೆಸ್ಲಿಯ ಮೆಥೊಡಿಸ್ಟರ 'ಕ್ಲಾಸ್' ಹುಟ್ಟಿದ್ದೂ ಹೀಗೇ. 1742ರಲ್ಲಿ ಬ್ರಿಸ್ಟಲ್‌ನಲ್ಲಿ ಪ್ರಾರ್ಥನಾಮಂದಿರದ ಸಾಲ ತೀರಿಸಬೇಕಿತ್ತು. ಹನ್ನೆರಡು ಜನಕ್ಕೆ ಒಬ್ಬ ಮುಖಂಡ, ತಲೆಗೆ ವಾರಕ್ಕೆ ಒಂದು ಪೆನ್ನಿ. ಕೊಡೋಕಾಗದವರ ಪಾಲು ಮುಖಂಡನೇ ಹಾಕಬೇಕು. ಪೆನ್ನಿ ಕೇಳೋಕೆ ಮನೆಮನೆಗೆ ಹೋದವನಿಗೆ ಒಬ್ಬನ ಕುಡಿತ, ಇನ್ನೊಬ್ಬನ ಜಗಳ ಎಲ್ಲ ಕಣ್ಣಿಗೆ ಬಿತ್ತು. ಆತ್ಮದ ವಿಚಾರಣೆ ಶುರುವಾಗಿದ್ದೇ ಆಮೇಲೆ. ಮೊದಲು ದುಡ್ಡು, ಆಮೇಲೆ ಆತ್ಮ. ನಾವು ಅದೇ ಮಾದರಿಯಲ್ಲಿ ಸೆಲ್ ಗ್ರೂಪ್ ಅಂತ ಮಾಡ್ಕೊಂಡು ಶುಕ್ರವಾರ ಸೇರ್ತೀವಿ. 'ನನ್ನ ಕ್ವಾಯೆಟ್ ಟೈಮ್ ಈ ವಾರ ಡ್ರೈ ಆಗಿತ್ತು' ಅಂತ ಧಾರಾಳವಾಗಿ ಹೇಳ್ಕೊಳ್ತೀವಿ. ಸಂಬಳ ಎಷ್ಟು, ಅದರಲ್ಲಿ ಕೊಟ್ಟದ್ದೆಷ್ಟು ಅಂತ ಮಾತ್ರ ಯಾರೂ ಬಾಯಿ ಬಿಡಲ್ಲ.

ಅಪ್ರೈಸಲ್ ತಿಂಗಳಿನಲ್ಲಿದ್ದೀವಿ ಅಂತ ಇದನ್ನೂ ಹೇಳಿಬಿಡ್ತೀನಿ. ವೆಸ್ಲಿ ಒಂದು ಪ್ರಸಂಗದಲ್ಲಿ ಆಕ್ಸ್‌ಫರ್ಡಿನ ಒಬ್ಬ ಯುವ ಮೆಥೊಡಿಸ್ಟನ ಲೆಕ್ಕ ಕೊಡ್ತಾರೆ. ಅದು ಅವರದೇ ಲೆಕ್ಕ ಅಂತ ಸಾಮಾನ್ಯವಾಗಿ ನಂಬಿಕೆ. ವರ್ಷಕ್ಕೆ 30 ಪೌಂಡ್ ಬರ್ತಿದ್ದಾಗ 28ರಲ್ಲಿ ಬದುಕಿ 2 ಕೊಟ್ಟ. ಮರುವರ್ಷ 60 ಬಂತು, 28ರಲ್ಲೇ ಬದುಕಿ 32 ಕೊಟ್ಟ. ಆಮೇಲೆ 90 ಬಂತು, 62 ಕೊಟ್ಟ. ನಾಲ್ಕನೇ ವರ್ಷ 120, ಕೊಟ್ಟದ್ದು 92. ಹೈಕ್ ಬಂದಾಗ 28 ಅಲುಗಾಡಲಿಲ್ಲ ಅನ್ನೋದೇ ಅಲ್ಲಿರೋ ಸಾಧನೆ. ಮೂರು ವರ್ಷದಲ್ಲಿ ನನ್ನ ಸಂಬಳ ಏರಿದ್ದಕ್ಕೆ ಸರಿಯಾಗಿ ಕಾರ್ ಏರಿತು, ಫ್ಲ್ಯಾಟಿನ ಮಹಡಿ ಏರಿತು, ಅಕ್ಕನ ಸಂಬಳ 300 ರೂಪಾಯಿ ಏರಿತು. ಆ 300ಕ್ಕೂ ನಾವು ಗಂಡಹೆಂಡತಿ ಅರ್ಧ ಗಂಟೆ ಚರ್ಚೆ ಮಾಡಿದ್ದೆವು.

ರಿಚರ್ಡ್ ಫಾಸ್ಟರ್ 1978ರಲ್ಲಿ ಬರೆದ ಪುಸ್ತಕದಿಂದ ಈ ಸಾಧನೆಗಳ ಗಾಳಿ ನಮ್ಮ ಇಂಗ್ಲಿಷ್ ಓದುವ ಕ್ರೈಸ್ತರಿಗೆ ಹತ್ತಿದ್ದು. ಅದರಲ್ಲಿ ಹನ್ನೆರಡು ಸಾಧನೆಗಳಿವೆ. ಸರಳತೆ, ಸೇವೆ, ಅಧೀನತೆ, ಪಾಪನಿವೇದನೆ ಎಲ್ಲ ಇವೆ. ನಮ್ಮ ಗುಂಪು ಚರ್ಚೆಗೆ ಆರಿಸಿಕೊಂಡದ್ದು ಮಾತ್ರ ಧ್ಯಾನ, ಉಪವಾಸ, ಏಕಾಂತ. ಏಸಿ ರೂಮಿನಲ್ಲಿ ಮಾಡಬಹುದಾದವು. ಲೇಖಕನ ತಪ್ಪಲ್ಲ ಅದು, ಮೆನು ನೋಡಿ ನಮಗೆ ಬೇಕಾದ್ದನ್ನ ಆರ್ಡರ್ ಮಾಡೋ ನಮ್ಮ ಚಾಳಿ.

ಈಗ ನಾನೇನು ಮಾಡಿದೆ ಅಂತ ಕೇಳಬಹುದು. ದೊಡ್ಡದೇನಿಲ್ಲ. ಸಂಬಳ ಹಿಡಿಯದೆ ಭಾನುವಾರ ರಜೆ ಅಂತ ಅಕ್ಕನಿಗೆ ಹೇಳಿದೆವು. ಭಾನುವಾರದ ಪಾತ್ರೆ ನನ್ನದು. ಫೋನ್ ಆನ್ ಇರುತ್ತೆ. ಪಾತ್ರೆ ತೊಳೆಯೋದ್ರಲ್ಲಿ ಏನೋ ದಿವ್ಯ ಅನುಭವ ಆಯ್ತು ಅಂತ ಬರೆದರೆ ಸುಳ್ಳಾಗುತ್ತೆ. ಬೋರು. ಕುಕ್ಕರ್ ತಳ ಉಜ್ಜುವಾಗ ಗಡಿಯಾರ ಮುಂದೆ ಹೋಗೋದೇ ಇಲ್ಲ. ನಾಲ್ಕನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಇವಾಗ್ರಿಯಸ್ ಅನ್ನೋ ಸನ್ಯಾಸಿ ಈ ಬೇಸರಕ್ಕೆ ಮಧ್ಯಾಹ್ನದ ದೆವ್ವ ಅಂತ ಹೆಸರಿಟ್ಟಿದ್ದ. ಅದು ಹಿಡಿದರೆ ದಿನಕ್ಕೆ ಐವತ್ತು ಗಂಟೆ ಇದೆ ಅನ್ನಿಸುತ್ತಂತೆ, ಕಿಟಕಿಯಾಚೆ ನೋಡ್ತಾ ಇರೋ ಹಾಗಾಗುತ್ತಂತೆ. ಅದಕ್ಕೆ ಅವನು ಹೇಳಿದ ಮದ್ದು ಕೋಣೆ ಬಿಟ್ಟು ಕದಲಬೇಡ ಅನ್ನೋದು. ಆ್ಯಪಿನ ಪಟಾಕಿ ಮಾಡೋದು ಈ ಬೇಸರ ನಮ್ಮ ಹತ್ತಿರ ಸುಳಿಯದ ಹಾಗೆ. ಸಿಂಕಿನ ಮುಂದೆ ಪಟಾಕಿ ಹಾರಲ್ಲ. ಆ್ಯಪ್ ತೆಗೆದುಹಾಕಿದೆ, ಅರಣ್ಯಕಾಂಡ ಇನ್ನೂ ಮುಗಿದಿಲ್ಲ.

ಒಂದು ತಿಂಗಳ ಮೇಲೆ ಗೊತ್ತಾಯ್ತು, ನಾವು ರಜೆ ಕೊಟ್ಟರೂ ಅಕ್ಕನಿಗೆ ರಜೆ ಆಗಿಲ್ಲ. ನಮ್ಮ ಅಪಾರ್ಟ್‌ಮೆಂಟಿನಲ್ಲೇ ಇನ್ನೂ ಮೂರು ಮನೆ ಮಾಡ್ತಾರೆ, ಭಾನುವಾರ ಹೇಗೂ ಬರಲೇಬೇಕು. 'ಅವರಿಗೇ ಕೆಲಸ ಬೇಕು, ರಜೆ ಕೊಟ್ಟರೂ ಬೇರೆ ಮನೆಗೆ ಹೋಗ್ತಾರೆ' ಅಂತ ನನ್ನ ಗೆಳೆಯರು ಹೇಳೋದು ಇದನ್ನೇ ನೋಡಿ. ಹೌದು, ಹೋಗ್ತಾರೆ, ಸಂಬಳ ಸಾಲದಿದ್ದರೆ ಯಾರಾದರೂ ಹೋಗ್ತಾರೆ. ಅದಕ್ಕೇ ಒಂಟಿಯಾಗಿ ಬಾಗಿಲು ಹಾಕ್ಕೊಂಡು ಮಾಡೋ ಸಬ್ಬತ್ ಕೆಲಸಕ್ಕೆ ಬರಲ್ಲ ಅನ್ನೋದು. ನಾಲ್ಕೂ ಮನೆ ಒಪ್ಪಬೇಕು.

ಎರಡನೇ ಮನೆಯವರು ಗುಜರಾತಿ ಜೈನರು. ಮಾತು ಮುಗಿಸೋ ಮುಂಚೆಯೇ ಒಪ್ಪಿದರು, ಅವರ ಮನೆಯಲ್ಲಿ ಉಪವಾಸ ನಮಗಿಂತ ಗಟ್ಟಿ. ಮೂರನೇ ಮನೆಯಲ್ಲಿ ವಯಸ್ಸಾದ ದಂಪತಿ ಇದ್ದಾರೆ, ಅಜ್ಜನಿಗೆ ಹಾಸಿಗೆ ಬಿಟ್ಟು ಏಳೋಕಾಗಲ್ಲ. ಅಲ್ಲಿ ಬೇಡ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವರೇ ಭಾನುವಾರಕ್ಕೆ ಬದಲು ಬುಧವಾರ ರಜೆ ಕೊಡ್ತೀವಿ ಅಂದಿದ್ದಾರೆ. ಅದು ಪೂರ್ತಿ ರಜೆ ಆಗಲ್ಲ, ಗೊತ್ತು.

ನಾಲ್ಕನೇ ಮನೆ ನಮ್ಮ ಸಭೆಯವರದ್ದೇ. ಮೊನ್ನೆ ಆರಾಧನೆ ಮುಗಿದ ಮೇಲೆ ಮೆಟ್ಟಿಲ ಹತ್ತಿರ ಹಿಡಿದು ವಿಷಯ ಹೇಳಿದೆ. ಈ ಸಲ ನಲವತ್ತೂ ದಿನ ಉಪವಾಸ ಹಿಡಿದಿದ್ದಾರಂತೆ, ಸಂಜೆ ಹೊತ್ತಿಗೆ ತಲೆಯೇ ಓಡಲ್ಲವಂತೆ. ಈಸ್ಟರ್ ಕಳೀಲಿ, ಕೂತು ಮಾತಾಡೋಣ ಅಂದರು.